ಹಬ್ಬಕ್ಕೆ ಪರದೆ ಕಪ್ಪಗಿರಬಾರದೆಂದು

ನಮ್ಮೂರಿನ ತೂಬಿಗೆ ನೀರು ಬಿಡುವ ದಿನ ಬಂತೆಂದರೆ ಊರಲ್ಲಿ ಎರಡೇ ಮಾತು. ನೀರು ಎಷ್ಟು ಹೊತ್ತಿಗೆ ಬರುತ್ತದೆ? ಮೊದಲು ಯಾರ ಗದ್ದೆಗೆ? ಈ ಎರಡನೇ ಪ್ರಶ್ನೆಗೆ ಹಿಂದೆ ಗುದ್ದಲಿ ಎತ್ತಿಕೊಂಡು ನಿಂತವರಿದ್ದಾರೆ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಅದಕ್ಕೇ ನಮ್ಮಲ್ಲಿ ಸರದಿ ಪಟ್ಟಿ ಎಂದು ಒಂದಿದೆ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾರ ಗದ್ದೆಗೆ ನೀರು ಎಂದು ಅದರಲ್ಲಿ ಬರೆದಿರುತ್ತದೆ. ಅರವತ್ತನಾಲ್ಕು ಮನೆಗಳ ಹೆಸರು. ಪಟ್ಟಿಯಲ್ಲಿ ಇದ್ದಂತೆ ನಮ್ಮ ನೀರುಗಂಟಿ ನರಸಯ್ಯ ತಾತ ಒಬ್ಬೊಬ್ಬರ ಗದ್ದೆಯ ಗಂಡಿ ತೆಗೆಯುತ್ತಾರೆ, ಹೊತ್ತಾದ ಮೇಲೆ ಮುಚ್ಚುತ್ತಾರೆ.

ಊರು ಅರಕೆರೆಯ ಕಡೆಯದು. ಊರಿನ ಹೆಸರು ಬರೆಯಬೇಡ ಎಂದು ನಿಂಗರಾಜಣ್ಣ ಕೇಳಿಕೊಂಡಿದ್ದಾನೆ, ಬರೆಯುವುದಿಲ್ಲ. ಅವನ ಹೆಸರು ಬರೆಯಬಹುದಂತೆ. "ತಪ್ಪು ಮಾಡ್ದೋನು ನಾನು ಕಣವ್ವ, ಊರಲ್ಲ" ಎಂದ. ನಿಂಗರಾಜಣ್ಣ ನಮ್ಮ ನೀರಿನ ಸಂಘದ ಕಾರ್ಯದರ್ಶಿ. ಸಂಘದ ಕಂಪ್ಯೂಟರು ಅವನ ಕೈಯಲ್ಲೇ ಇರುವುದು.

ನಾನು ಸುಧ. ಪಾಂಡವಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನನಗೆ ಬೇಗ ಸಿಟ್ಟು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಎರಡು ಮೂರು ಕಡೆ ನನಗೆ ಸಿಟ್ಟು ಬಂದಿದೆ. ಒಂದು ಕಡೆ ನನ್ನ ಮೇಲೆಯೇ ಬಂದಿದೆ.

ಕಳೆದ ವರ್ಷ ದಸರಾಕ್ಕೆ ಮುಂಚೆ ಒಂದು ಸುದ್ದಿ ಬಂತು. ಇನ್ನು ನಾಲೆಯಲ್ಲಿ ನೀರು ದಿನವೂ ಹರಿಯುವುದಿಲ್ಲ, ಹತ್ತು ದಿನ ಬಿಟ್ಟು ಹದಿನೈದು ದಿನ ನಿಲ್ಲಿಸುತ್ತಾರೆ ಎಂದು. ಭತ್ತ ಹೊಡೆ ಬರುವ, ಅಂದರೆ ಪೈರಿನೊಳಗೆ ತೆನೆ ಮೂಡುವ ಹೊತ್ತು ಅದು. ಆಗ ನೀರು ತಪ್ಪಿದರೆ ತೆನೆ ಬಂದರೂ ಒಳಗೆ ಅಕ್ಕಿ ಕಟ್ಟುವುದಿಲ್ಲ. ಊರವರೆಲ್ಲ ಸಭೆ ಸೇರಿ ಹೊಸ ಸರದಿ ಮಾಡಿದರು. ಯಾವಾಗಲೂ ನಾಲೆಯ ಮೇಲ್ಗಡೆಯವರಿಗೆ ಮೊದಲು, ಕೊನೆ ಭಾಗದವರಿಗೆ ಕಡೆಗೆ ಎಂದಿತ್ತು. ಈ ಸಲ ಕೊನೆ ಭಾಗದಿಂದ ಶುರು ಮಾಡೋಣ ಎಂದರು. ಒಂಟಿಯಾಗಿ ಬೇಸಾಯ ಮಾಡುವ ಹೆಂಗಸರಿಗೆ ಹಗಲು ನೀರು ಕೊಡೋಣ ಎಂದೂ ಆಯಿತು.

ನನ್ನ ದೊಡ್ಡವ್ವ ತಿಮ್ಮಮ್ಮನ ಮೂವತ್ತು ಗುಂಟೆ ಇರುವುದು ಕೊನೆ ಭಾಗದಲ್ಲೇ. ದೊಡ್ಡಪ್ಪ ತೀರಿಕೊಂಡು ಹನ್ನೊಂದು ವರ್ಷ. ಆ ಹನ್ನೊಂದು ವರ್ಷವೂ ಅವಳಿಗೆ ಸಿಕ್ಕಿದ್ದು ರಾತ್ರಿ ನೀರು, ಅದೂ ಎಲ್ಲರದೂ ಆದ ಮೇಲೆ. ಟಾರ್ಚು ಹಿಡಿದು, ಗುದ್ದಲಿ ಹೊತ್ತು, ಒಬ್ಬಳೇ ಹೋಗುತ್ತಿದ್ದಳು. ಹೊಸ ಸರದಿಯಲ್ಲಿ ಅವಳ ಹೆಸರು ಮೊದಲನೇ ದಿನ ಬಂತು. ಬೆಳಿಗ್ಗೆ ಆರರಿಂದ ಹತ್ತು. ನನಗೆ ಫೋನು ಮಾಡಿ ಹೇಳಿದಳು.

"ಈ ಸರ್ತಿ ಬಿಸ್ಲಲ್ಲಿ ನಿಂತ್ಕಂಡು ನೀರು ಕಟ್ತೀನಿ ಕಣ್ ಮಗ. ಹಾವು ಉಳ ಕಾಣುಸ್ತವೆ."

ನಿಂಗರಾಜಣ್ಣ ಸಭೆಯಲ್ಲೇ ಕುಳಿತು ಪಟ್ಟಿಯನ್ನು ನೇರವಾಗಿ ಕಂಪ್ಯೂಟರಿಗೆ ಹಾಕಿದ. ಆಮೇಲೆ ಒಂದು ವಾರ ಜನ ಬಂದು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಂಡರು. ಅದನ್ನೂ ಕಂಪ್ಯೂಟರಿನಲ್ಲೇ ತಿದ್ದಿದ. ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ದಿನಾ ಮರುದಿನದ ಚೀಟಿಯನ್ನಷ್ಟೇ ತೆಗೆದು ನರಸಯ್ಯ ತಾತನಿಗೆ ಕೊಡುವುದು ಅವನ ಲೆಕ್ಕ.

ಇನ್ನು ಆ ಕಂಪ್ಯೂಟರು. ಯಾವುದೋ ಆಫೀಸಿನವರು ಹೊಸದು ತಂದಾಗ ಬಿಟ್ಟುಕೊಟ್ಟ ಹಳೆಯದು. ಅದರಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ಕಂಪನಿಯವರು ದುರಸ್ತಿ ಕಳಿಸುವುದನ್ನು 2020ರಲ್ಲೇ ನಿಲ್ಲಿಸಿದ್ದಾರೆ. ಸಾಲದ್ದಕ್ಕೆ ಅದಕ್ಕೆ ಸರಿಯಾದ ಪರವಾನಗಿಯೂ ಇರಲಿಲ್ಲ. ಹಾಗಾಗಿ ಪರದೆ ಕಪ್ಪಾಗಿರುತ್ತಿತ್ತು. ಮೂಲೆಯಲ್ಲಿ, ಇದು ಅಸಲಿ ಅಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರುತ್ತಿತ್ತು. ಕೆಲಸಕ್ಕೇನೂ ಅಡ್ಡಿಯಿರಲಿಲ್ಲ. ಎರಡು ವರ್ಷ ಹಾಗೇ ನಡೆದಿತ್ತು.

ಅಡ್ಡಿ ಬಂದದ್ದು ಆಯುಧಪೂಜೆಗೆ. ಸಂಘದ ಕೋಣೆಯಲ್ಲಿ ಗುದ್ದಲಿ, ಕುಡುಗೋಲು, ತೂಬು ತಿರುಗಿಸುವ ಕಬ್ಬಿಣದ ಕೈ ಎಲ್ಲವನ್ನೂ ತೊಳೆದಿಟ್ಟು ಪೂಜೆ ಮಾಡುವುದು ನಮ್ಮ ವಾಡಿಕೆ. ಜೊತೆಗೆ ಆ ಸಲದಿಂದ ಕಂಪ್ಯೂಟರಿಗೂ ಕುಂಕುಮ, ಹೂವು. ಅಧ್ಯಕ್ಷರಾದ ದೊಡ್ಡಬೀರಯ್ಯ ಮಾವ ಹಬ್ಬಕ್ಕೆ ಎರಡು ದಿನ ಮುಂಚೆ ಬಂದು ಪರದೆ ನೋಡಿದರು.

"ಇದೇನ್ಲಾ ನಿಂಗರಾಜ, ಇಂಗೆ ಕರ್ರಗೈತೆ?"

"ಅದು ಅಂಗೇ ಮಾವ. ಏನೂ ಆಗಲ್ಲ."

"ಹಬ್ಬದ ದಿನ ಕರೀ ಮೊಕಕ್ಕೆ ಮಂಗಳಾರತಿ ಎತ್ತಕಾಯ್ತದಾ? ರಂಗನಾಥಸ್ವಾಮಿ ಫೋಟೊ ಹಾಕ್ಲಾ."

ನಿಂಗರಾಜಣ್ಣ ಹಾಕಿದ. ಒಂದು ಗಂಟೆ ಇತ್ತು, ಮತ್ತೆ ಕಪ್ಪಾಯಿತು. ಮತ್ತೆ ಹಾಕಿದ, ಮತ್ತೆ ಕಪ್ಪಾಯಿತು. ದೇವರ ಫೋಟೊ ನಿಲ್ಲುತ್ತಿಲ್ಲ ಎಂದರೆ ಊರಲ್ಲಿ ಏನಾಗುತ್ತದೆ ಎಂದು ಹೇಳಬೇಕೇ? ಇದು ಅಪಶಕುನ ಎಂದು ಒಬ್ಬರು, ಕಂಪ್ಯೂಟರು ಬಂದ ಗಳಿಗೆ ಸರಿಯಿಲ್ಲ ಎಂದು ಇನ್ನೊಬ್ಬರು. ನಿಂಗರಾಜಣ್ಣ ನನಗೆ ಫೋನು ಮಾಡಿದ.

"ಸುಧಾ, ಒಸಿ ಬಂದೋಗವ್ವ. ಸ್ವಾಮಿ ಫೋಟೊ ನಿಲ್ತಾ ಇಲ್ಲ."

ಅಂಗಡಿಯಲ್ಲಿ ಹಬ್ಬದ ಗಿರಾಕಿ. ನಾನು ನಕ್ಕುಬಿಟ್ಟೆ. "ಫೋಟೊನಾ ಗೋಡೆಗೆ ನೇತಾಕಣ್ಣ. ಹಬ್ಬ ಕಳೀಲಿ, ಬತ್ತೀನಿ" ಎಂದು ಫೋನು ಇಟ್ಟೆ. ಏನು ಮಾಡಬಾರದು ಎಂದು ಅರ್ಧ ನಿಮಿಷ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ನನ್ನ ಮೇಲೆ ನನಗೆ ಸಿಟ್ಟು ಬಂದಿದೆ ಎಂದೆನಲ್ಲ, ಅದು ಈ ಕಡೆ.

ನಿಂಗರಾಜಣ್ಣನ ಸ್ನೇಹಿತ ಚಲುವರಾಜು ಒಂದು ಪೆನ್‌ಡ್ರೈವ್ ತಂದ. ಅದರಲ್ಲಿ 'ಆ್ಯಕ್ಟಿವೇಟರ್' ಇತ್ತು. ಪರವಾನಗಿ ಇಲ್ಲದ ಕಂಪ್ಯೂಟರಿಗೆ, ಪರವಾನಗಿ ಇದೆ ಎಂದು ಸುಳ್ಳು ನಂಬಿಸುವ ಪುಟ್ಟ ಸಾಫ್ಟ್‌ವೇರ್. ಅವನಿಗೆ ಅದು ಇಂಟರ್ನೆಟ್ಟಿನಲ್ಲಿ ಯಾವುದೋ ವಿಡಿಯೊ ಕೆಳಗೆ ಸಿಕ್ಕಿತ್ತಂತೆ. ಅದನ್ನು ಹಾಕುವ ಮುಂಚೆ ಒಂದು ಷರತ್ತು ಬಂತು. ಆ್ಯಂಟಿವೈರಸ್ ಬಂದ್ ಮಾಡಿ ಎಂದು. ನಿಂಗರಾಜಣ್ಣ ಬಂದ್ ಮಾಡಿದ. ಪುನಃ ಚಾಲೂ ಮಾಡುವುದನ್ನು ಮರೆತ. ಎರಡು ನಿಮಿಷದಲ್ಲಿ ಕಪ್ಪು ಹೋಯಿತು. ರಂಗನಾಥಸ್ವಾಮಿ ಬಂದು ನಿಂತರು. ದೊಡ್ಡಬೀರಯ್ಯ ಮಾವ ಪರದೆಗೆ ಕೈಮುಗಿದು ಕುಂಬಳಕಾಯಿ ಒಡೆಸಿದರು. ಎಲ್ಲರಿಗೂ ಸಮಾಧಾನ.

ಆ್ಯಕ್ಟಿವೇಟರ್ ಹಾಕಿದ ಒಂಬತ್ತನೇ ದಿನ ಮಧ್ಯಾಹ್ನ ನಿಂಗರಾಜಣ್ಣನ ಫೋನು ಬಂತು. ಮರುದಿನ ಬೆಳಿಗ್ಗೆ ಆರಕ್ಕೆ ತೂಬಿಗೆ ನೀರು. ಮೊದಲ ದಿನದ ಚೀಟಿ ತೆಗೆಯಲು ಕುಳಿತಿದ್ದಾನೆ.

"ಸುಧಾ, ಪಟ್ಟಿ ತೆಗೀತಾ ಇಲ್ಲ ಕಣವ್ವ. ಫೈಲಿನ ಹೆಸ್ರು ಅಂಗೇ ಐತೆ, ಒತ್ತುದ್ರೆ ಏನೋ ಕೊಕ್ಕೆ ಕೊಕ್ಕೆ ಅಕ್ಷರ ಬತ್ತದೆ. ಮಧ್ಯದಲ್ಲಿ ಇಂಗ್ಲೀಷಲ್ಲಿ ಒಂದು ಕಾಗ್ದ ಬಂದೈತೆ."

ನನಗೆ ಅರ್ಥವಾಯಿತು. "ಮೊದ್ಲು ಇಂಟರ್ನೆಟ್ ವೈರು ಕೀಳು. ಯಾವ ಪೆನ್‌ಡ್ರೈವೂ ಚುಚ್ಬ್ಯಾಡ. ಬತ್ತಾ ಇವ್ನಿ" ಎಂದು ಸ್ಕೂಟರು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಕೋಣೆಯಲ್ಲಿ ಹದಿನೈದು ಜನ. ದೊಡ್ಡವ್ವನೂ ಬಾಗಿಲ ಹತ್ತಿರ ನಿಂತಿದ್ದಳು. ನೋಡಿದೆ. ಪಟ್ಟಿ, ಸಭೆಯ ಕಾಗದ, ಅರ್ಜಿ, ಎಲ್ಲಕ್ಕೂ ಬೀಗ. ಹಣ ಕಳಿಸಿದರೆ ಬಿಚ್ಚುತ್ತೇವೆ, ಮೂರು ದಿನ ಗಡುವು ಎಂದು ಯಾರೋ ಬರೆದಿಟ್ಟಿದ್ದರು. ಯಾವ ದೇಶದವನೋ, ಯಾವ ಊರಿನವನೋ. ನಮ್ಮ ತೂಬು ಎಲ್ಲಿದೆ ಎಂದೂ ಅವನಿಗೆ ಗೊತ್ತಿರಲಿಕ್ಕಿಲ್ಲ.

"ಏನೇನ್ ಹಾಕ್ದೆ ಇದ್ಕೆ?" ಎಂದು ಕೇಳಿದೆ. ನಿಂಗರಾಜಣ್ಣ ಎಲ್ಲ ಹೇಳಿದ. ನನಗೆ ತಡೆಯಲಾಗಲಿಲ್ಲ. "ಬುದ್ಧಿ ಐತೇನಣ್ಣ ನಿಂಗೆ? ಯಾವನೋ ಕೊಟ್ಟಿದ್ದ, ಆ್ಯಂಟಿವೈರಸ್ ಬಂದ್ ಮಾಡು ಅಂದ, ನೀನು ಮಾಡ್ದೆ?"

ದೊಡ್ಡಬೀರಯ್ಯ ಮಾವ ಒಪ್ಪಲಿಲ್ಲ. "ಅಲ್ಲ ಕಣ್ ಮಗ, ಅದು ಬಂದಿದ್ದೇ ಹಬ್ಬಕ್ಕೆ ಮುಂಚೆ. ಒಂಬತ್ತು ದಿನ ಚೆಂದಾಗಿತ್ತಲ್ಲ. ಅದ್ರಿಂದ್ಲೇ ಕೆಡ್ತು ಅಂತ ಎಂಗೇಳ್ತೀಯ? ಚಲುವರಾಜು ಮಿಷನ್ನಲ್ಲೂ ಅದೇ ಐತೆ, ಚೆಂದಾಗೇ ಓಡ್ತಾ ಐತೆ."

ಮಾವನ ಪ್ರಶ್ನೆ ಸರಿಯಾದದ್ದೇ. ಕೋಪ ನುಂಗಿಕೊಂಡು ಹೇಳಿದೆ.

"ಮಾವ, ಒಂದು ಕೇಳ್ತೀನಿ. ಗುರ್ತಿಲ್ದೇ ಇರೋನು ಒಬ್ಬ ಬತ್ತಾನೆ. ನಿಮ್ಮ ತೂಬಿನ ಬಾಗ್ಲು ಪುಕ್ಕಟೆ ರಿಪೇರಿ ಮಾಡಿಕೊಡ್ತೀನಿ, ಆದ್ರೆ ನರಸಯ್ಯ ತಾತನ್ನ ಮನೇಗೆ ಕಳ್ಸಿ ಅಂತಾನೆ. ಕಳುಸ್ತೀರಾ?"

"ಯಾಕ್ ಕಳ್ಸನ? ಅವನು ಏನ್ ಮಾಡ್ತಾನೋ ಯಾರ್ ಕಂಡೋರು."

"ಆ್ಯಂಟಿವೈರಸ್ ಅಂದ್ರೆ ಕಂಪ್ಯೂಟರಿಗೆ ನರಸಯ್ಯ ತಾತ ಇದ್ದಂಗೆ. ಅದನ್ನ ಮನೇಗೆ ಕಳ್ಸಿ ಬಾಗ್ಲು ತೆಗ್ದು ಕೊಟ್ಟವ್ನೆ ನಿಂಗರಾಜಣ್ಣ. ಅವನು ಬಂದ, ಹೇಳಿದ ಕೆಲ್ಸ ಮಾಡ್ದ, ಜೊತೆಗೆ ತನಗೂ ಒಂದು ಕಳ್ಳಗಂಡಿ ಮಾಡ್ಕೊಂಡು ಹೋದ. ಅವತ್ತೇ ಬರ್ಬೇಕು ಅಂತೇನೈತೆ? ಪುರುಸೊತ್ತಾದಾಗ ಬಂದ."

"ಎಲ್ಲಾ ಆ್ಯಕ್ಟಿವೇಟ್ರೂ ಇಂಗೇನಾ?" ನಿಂಗರಾಜಣ್ಣ ಕೇಳಿದ.

"ಎಲ್ಲಾನೂ ಇಂಗೇ ಅನ್ನಲ್ಲ. ಯಾವ್ದು ಇಂಗೆ, ಯಾವ್ದು ಅಂಗಲ್ಲ ಅಂತ ನಂಗೂ ನೋಡಿ ಹೇಳಕ್ಕಾಗಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲ್ಸ ಮಾಡೋರಿಗೂ ಆಗಲ್ಲ. ಚಲುವರಾಜಣ್ಣಂದೂ ಚೆಂದಾಗೈತೆ ಅಂತ ಯಾರ್ ಹೇಳಿದ್ದು? ಒಳಗೆ ಕೂತು ಅವನ ಪಾಸ್‌ವರ್ಡ್ ಓದ್ತಾ ಇರ್ಬೋದು, ಪರದೆ ಮೇಲೆ ಕಾಣ್ಸಲ್ಲ. ಅದೂ ಅಲ್ದೆ ಇದು ಹಳೇ ವಿಂಡೋಸು. ಇದ್ರಲ್ಲಿ ತೂತು ಬಿದ್ರೆ ಮುಚ್ಚೋಕೆ ಕಂಪನಿಯೋರೂ ಬರಲ್ಲ."

ದೊಡ್ಡವ್ವ ಬಾಗಿಲು ಬಿಟ್ಟು ಪರದೆಯ ಹತ್ತಿರ ಬಂದು ನೋಡಿದಳು.

"ಹೆಸ್ರು ಕಾಣ್ತೈತೆ, ಒಳಗೆ ಏನೂ ಇಲ್ಲ. ಜೊಳ್ಳು ಇದ್ದಂಗೆ ಅನ್ನು."

"ಊಂ ದೊಡ್ಡವ್ವ."

"ಅಂಗಾರೆ ನಾಳೆ ಬೆಳಿಗ್ಗೆ ನಂದು ಆರು ಗಂಟೆ?"

ನಿಂಗರಾಜಣ್ಣ ಮತ್ತೊಮ್ಮೆ ಪಟ್ಟಿಯ ಮೇಲೆ ಒತ್ತಿದ, ಅದೇ ಕೊಕ್ಕೆ ಅಕ್ಷರ ಬಂತು.

ಹಣ ಕೊಟ್ಟುಬಿಡೋಣ ಎಂದ ಒಬ್ಬ. ಕೊಟ್ಟರೂ ಬಿಚ್ಚುತ್ತಾನೆ ಎಂದು ನಂಬಿಕೆಯಿಲ್ಲ, ಕೊಟ್ಟವರು ಎಂದು ಗೊತ್ತಾದರೆ ಮತ್ತೆ ಬರುತ್ತಾನೆ ಎಂದೆ. ಪೊಲೀಸರ ಸೈಬರ್ ವೆಬ್‌ಸೈಟಿನಲ್ಲಿ ನನ್ನ ಫೋನಿನಿಂದಲೇ ದೂರು ಹಾಕಿದೆ. ಆದರೆ ದೂರು ಹಾಕಿದ ಮಾತ್ರಕ್ಕೆ ಪಟ್ಟಿ ಬರುವುದಿಲ್ಲ. ಸರಿ, ನೆನಪಿನಿಂದಲೇ ಬರೆಯೋಣ ಎಂದು ಕುಳಿತರು. ಅರ್ಧ ಗಂಟೆಯೊಳಗೆ ಮೊದಲನೇ ದಿನ ನಮ್ಮದೇ ಎಂದು ಹದಿಮೂರು ಜನ ಹೇಳಿದ್ದರು. ದಿನಕ್ಕೆ ಸಲ್ಲುವುದು ಆರು ಅಥವಾ ಏಳು. ಅದಲುಬದಲು ಮಾಡಿಕೊಂಡದ್ದನ್ನು ಒಬ್ಬ ಹೌದು ಎಂದರೆ ಇನ್ನೊಬ್ಬ ಇಲ್ಲ ಎಂದ. ಒಬ್ಬರು ಎದ್ದು ನಿಂತರು, ಇನ್ನೊಬ್ಬರು ಪಂಚೆ ಎತ್ತಿಕಟ್ಟಿದರು. ಸಂಜೆಯಾಗುತ್ತಾ ಬಂದಿತ್ತು.

ಕಡೆಗೆ ದೊಡ್ಡಬೀರಯ್ಯ ಮಾವ ಬೀರುವಿನಿಂದ ಹಳೆಯ ಸರದಿ ಪುಸ್ತಕ ತೆಗೆದರು. ಮೂರು ವರ್ಷ ಹಿಂದಿನದು. ಅದರಲ್ಲಿ ಮೇಲ್ಗಡೆಯವರೇ ಮೊದಲು.

"ಬ್ಯಾರೆ ದಾರಿ ಇಲ್ಲ. ಈ ಸರ್ತಿ ಇದ್ರಂಗೇ ಓಗ್ಲಿ. ಒಡದಾಟ ಆಗದ್ ಬ್ಯಾಡ" ಎಂದರು. ದೊಡ್ಡವ್ವನ ಮುಖ ನೋಡಿ, "ತಿಮ್ಮವ್ವ, ಕಡೇ ದಿನದವರೆಗೂ ತಡ್ಕೊಳವ್ವ" ಎಂದರು. ಅವರು ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ.

ಕಡೆಯ ದಿನ ಬಂತು. ನೀರು ಬರಲಿಲ್ಲ. ಅಂದರೆ, ಬಂತು. ಮೇಲ್ಗಡೆ ಎಲ್ಲರೂ ಇರಲಿ ಎಂದು ಅರ್ಧ ಗಂಟೆ, ಒಂದು ಗಂಟೆ ಹೆಚ್ಚಿಗೆ ತೆಗೆದುಕೊಂಡಿದ್ದರು. ಕಾಲುವೆಯ ತುದಿಗೆ ಬರುವಷ್ಟರಲ್ಲಿ ಪಾದ ನೆನೆಯುವಷ್ಟು. ದೊಡ್ಡವ್ವ ಹಿಂದಿನಂತೆ ಟಾರ್ಚು ಹಿಡಿದು ಹೋಗಿ, ಹತ್ತು ಗುಂಟೆ ನೆನೆಸಿಕೊಂಡು ಬಂದಳು. ತೂಬು ಮುಚ್ಚಿತು. ಇನ್ನು ಹದಿನೈದು ದಿನ ಇಲ್ಲ.

ಆ ಹದಿನೈದು ದಿನದಲ್ಲಿ ನಾವು ಏನು ಮಾಡಿದೆವು ಎಂದು ಹೇಳಬೇಕು, ಯಾಕೆಂದರೆ ಮಾಡಬಹುದಾದದ್ದೂ ಇತ್ತು. ನಿಂಗರಾಜಣ್ಣ ಮತ್ತು ನರಸಯ್ಯ ತಾತ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದರು. ಒಬ್ಬರ ಮಾತನ್ನು ಪಕ್ಕದ ಗದ್ದೆಯವರ ಮುಂದೆ ಕೇಳಿ, ಇಬ್ಬರೂ ಹೂಂ ಎಂದ ಮೇಲೆ ಬರೆದರು. ನಾಲ್ಕು ದಿನ ಹಿಡಿಯಿತು. ನಿಂಗರಾಜಣ್ಣ ಪ್ರತಿ ಮನೆಯಲ್ಲೂ ತನ್ನ ತಪ್ಪು ಹೇಳಿಕೊಂಡ. ಕೆಲವರು ಬೈದರು, ಬೈಸಿಕೊಂಡ. ಪಟ್ಟಿಯನ್ನು ದೊಡ್ಡದಾಗಿ ಬರೆಸಿ ಸಂಘದ ಗೋಡೆಗೆ ಅಂಟಿಸಿದರು.

ಕಂಪ್ಯೂಟರನ್ನು ನಾನು ಅಂಗಡಿಗೆ ತಂದು ಒಳಗಿದ್ದದ್ದನ್ನೆಲ್ಲ ಅಳಿಸಿದೆ. ಹಳೆಯ ವಿಂಡೋಸ್ ತೆಗೆದು ಲಿನಕ್ಸ್ ಎನ್ನುವ ವ್ಯವಸ್ಥೆ ಹಾಕಿದೆ. ಅದಕ್ಕೆ ದುಡ್ಡಿಲ್ಲ.

ನಿಂಗರಾಜಣ್ಣನಿಗೆ ಈಗ ಪುಕ್ಕಟೆ ಎಂದರೆ ಭಯ. "ಇದೂ ಪುಕ್ಕಟೇನೆ ಅಂತೀಯಲ್ಲ. ಅದಕ್ಕೂ ಇದಕ್ಕೂ ಏನವ್ವ ವ್ಯತ್ಯಾಸ?"

"ಅದು ಕದ್ದದ್ದು, ಇದು ಮಾಡ್ದೋರೇ ಎಲ್ರಿಗೂ ಬಿಟ್ಟುಕೊಟ್ಟಿರೋದು. ಇದ್ರಲ್ಲಿ ತೂತು ಬಿದ್ರೆ ಅವರೇ ಮುಚ್ಚಿ ಕಳುಸ್ತಾರೆ. ಆದ್ರೆ ಇದನ್ನೂ ಅವರದೇ ಜಾಗದಿಂದ ತರ್ಬೇಕು, ಚಲುವರಾಜಣ್ಣನ ಪೆನ್‌ಡ್ರೈವಿಂದಲ್ಲ."

"ನಂಗೆ ವಿಂಡೋಸೇ ಬೇಕು ಅಂದ್ರೆ?"

"ಹೊಸದನ್ನ ಪರವಾನಗಿ ಜೊತೆ ತಗೊ. ಇವೆರಡೇ ದಾರಿ. ಮೂರನೇದು ನೀನು ನೋಡಿದ್ಯಲ್ಲ."

ಪಟ್ಟಿ ಈಗ ಮೂರು ಕಡೆ ಇದೆ. ಗೋಡೆಯ ಮೇಲೆ ಕಾಗದದಲ್ಲಿ, ಕಂಪ್ಯೂಟರಿನಲ್ಲಿ, ಇನ್ನೊಂದು ನಕಲು ಪುಟ್ಟ ಡ್ರೈವಿನಲ್ಲಿ. ಡ್ರೈವನ್ನು ಕಂಪ್ಯೂಟರಿನಿಂದ ಕಿತ್ತು, ಮಾವನ ಮನೆಯ ಬೀರುವಿನಲ್ಲಿ ಇಡುತ್ತಾರೆ. ಚಲುವರಾಜಣ್ಣನೂ ಒಂದು ದಿನ ತನ್ನ ಕಂಪ್ಯೂಟರನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದ. ಮೇಜಿನ ಮೇಲಿಟ್ಟ. ಅದನ್ನೂ ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಟ್ಟೆ.

ಎರಡನೇ ಸರದಿ ಹೊಸ ಪಟ್ಟಿಯಂತೆಯೇ ನಡೆಯಿತು. ದೊಡ್ಡವ್ವ ಬೆಳಿಗ್ಗೆ ಆರಕ್ಕೆ ಹೋಗಿ, ಬಿಸಿಲಲ್ಲಿ ನಿಂತು ನೀರು ಕಟ್ಟಿದಳು. ಆದರೆ ಹೊಡೆ ಬರುವ ಹೊತ್ತು ಕಳೆದುಹೋಗಿತ್ತು. ಕುಯ್ಲಿನಲ್ಲಿ ತೂರಿದಾಗ ಅರ್ಧಕ್ಕರ್ಧ ಜೊಳ್ಳು ಹಾರಿತು. ಆ ವರ್ಷ ನನ್ನ ದೊಡ್ಡವ್ವ, ಗದ್ದೆಯಿದ್ದೂ, ಬೇಸಿಗೆಯಿಂದಾಚೆಗೆ ಅಂಗಡಿ ಅಕ್ಕಿ ತಂದು ಉಂಡಳು. ಅದಕ್ಕೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು. ಅರ್ಧ ನಿಮಿಷದ ಮಾತು ನಾನು ಉಳಿಸಿಕೊಂಡಿದ್ದೆ.

ಈ ವರ್ಷ ಆಯುಧಪೂಜೆಗೆ ನಾನು ಅಂಗಡಿ ಮುಚ್ಚಿ ಊರಿಗೆ ಹೋದೆ. ಗುದ್ದಲಿ, ಕುಡುಗೋಲು, ತೂಬಿನ ಕೈ, ಎಲ್ಲ ಇದ್ದವು. ದೊಡ್ಡವ್ವ ಮೊರದಲ್ಲಿ ಏನೋ ಮುಚ್ಚಿಕೊಂಡು ಬಂದಳು. ಸೆರಗು ತೆಗೆದಳು. ಹೋದ ವರ್ಷದ ಜೊಳ್ಳು, ಒಂದು ಬೊಗಸೆ. ಅದನ್ನು ಕಂಪ್ಯೂಟರಿನ ಮುಂದೆ ಇಟ್ಟಳು.

ದೊಡ್ಡಬೀರಯ್ಯ ಮಾವ ಗಾಬರಿಯಾದರು. "ಇದ್ಯಾಕ್ ತಿಮ್ಮವ್ವ, ಹಬ್ಬದ ದಿನ?"

"ಇರ್ಲಿ ಬುಡಿ. ಮತ್ಯಾವನಾದ್ರೂ ಪುಕ್ಕಟೆ ಕೊಡ್ತೀನಿ ಅಂತ ಬಂದ್ರೆ, ಎಷ್ಟು ಬಿತ್ತು ಅಂತ ನೋಡ್ಲಿ."

ನಿಂಗರಾಜಣ್ಣ ತಲೆ ಬಗ್ಗಿಸಿ, ಮೊರವನ್ನು ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಸರಿಸಿದ. ಮಂಗಳಾರತಿ ಮೊದಲು ಗೋಡೆಯ ಪಟ್ಟಿಗೆ ಆಯಿತು, ಆಮೇಲೆ ಕಂಪ್ಯೂಟರಿಗೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ. ನಿಮ್ಮ ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಜೆರಾಕ್ಸ್ ಅಂಗಡಿ, ಮನೆ, ಎಲ್ಲಾದರೂ ಹಳೆಯ ಕಂಪ್ಯೂಟರು ಇದ್ದೇ ಇರುತ್ತದೆ. ಅದರಲ್ಲಿ ನಿಮ್ಮದಷ್ಟೇ ಅಲ್ಲ, ನಿಮ್ಮನ್ನು ನಂಬಿದ ಯಾರದೋ ಕೆಲಸವೂ ಇರುತ್ತದೆ. ಆ್ಯಕ್ಟಿವೇಟರ್ ಎಂದು ಯಾರು ಕೊಟ್ಟರೂ ಹಾಕಬೇಡಿ. ಆ್ಯಂಟಿವೈರಸ್ ಬಂದ್ ಮಾಡಿ ಎಂದು ಕೇಳುವ ಯಾವುದನ್ನೂ ಒಳಗೆ ಬಿಡಬೇಡಿ. ಈಗಾಗಲೇ ಹಾಕಿದ್ದರೆ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ನಿಲ್ಲಿಸಿ, ತಿಳಿದವರಿಗೆ ತೋರಿಸಿ, ಪಾಸ್‌ವರ್ಡುಗಳನ್ನು ಬೇರೆ ಕಡೆಯಿಂದ ಬದಲಿಸಿ. ಕಡತಗಳಿಗೆ ಬೀಗ ಬಿದ್ದರೆ ಮೊದಲು ಇಂಟರ್ನೆಟ್ ಕೀಳಿ, ಹಣ ಕಳಿಸಬೇಡಿ, ಪೊಲೀಸರಿಗೆ ದೂರು ಕೊಡಿ. ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಮುಖ್ಯವಾದದ್ದರ ಒಂದು ನಕಲನ್ನು ಇವತ್ತೇ ಕಾಗದದಲ್ಲಿ ತೆಗೆದಿಡಿ, ನಾಳೆ ಎನ್ನಬೇಡಿ. ನಾನೂ ಹಬ್ಬ ಕಳೆಯಲಿ ಎಂದಿದ್ದೆ.

ನಿಮ್ಮ ಪರದೆ ಕಪ್ಪಗಿದ್ದರೆ, ಸರಿಯಾದ ದಾರಿ ಸಿಗುವವರೆಗೆ ಕಪ್ಪಗೇ ಇರಲಿ. ಅರಿಶಿನ ಕುಂಕುಮ ಕಪ್ಪಿನ ಮೇಲೂ ಚೆನ್ನಾಗಿಯೇ ಕಾಣುತ್ತದೆ.